ಹಕ್ಕಿ ಕಿರ್ದಿ: ಆಸ್ಪ್ರೆಯ ವಲಸೆಯನ್ನು ಕುರ್ಚಿಯಲ್ಲೇ ಕೂತು ಹಿಂಬಾಲಿಸುವುದು ಹೇಗೆ

ನಾನು ಮೂವತ್ತೊಂದು ವರ್ಷ ಲೆಕ್ಕ ಬರೆದವನು. ಕಿರ್ದಿ, ಖಾತೆ, ಶಿಲ್ಕು, ಷರಾ, ಇದೇ ನನ್ನ ಭಾಷೆ. ಈಗ ಅಂಥದ್ದೇ ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಹಕ್ಕಿಯ ಲೆಕ್ಕ ಬರೆಯುತ್ತೇನೆ. ದಿನಾಂಕ, ಹೊತ್ತು, ಎಲ್ಲಿ, ಎಷ್ಟು ಎತ್ತರ, ಎಷ್ಟು ವೇಗ, ಕೊನೆಯ ಕಾಲಮ್ಮಿನಲ್ಲಿ ಷರಾ. ಹಕ್ಕಿಯ ಹೆಸರು ಆಸ್ಪ್ರೆ. ಮೀನು ಬಿಟ್ಟರೆ ಬೇರೇನನ್ನೂ ಹೆಚ್ಚುಕಮ್ಮಿ ಮುಟ್ಟದ ದೊಡ್ಡ ಗಿಡುಗ. ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರಿಗೂ ಜಾಸ್ತಿ. ಬೆನ್ನ ಮೇಲೆ ಒಂದು ಪುಟ್ಟ ಯಂತ್ರ ಹೊತ್ತುಕೊಂಡು ಬ್ರಿಟನ್ನಿನಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತದೆ, ವಸಂತಕ್ಕೆ ವಾಪಸ್ ಬರುತ್ತದೆ. ಒಂದು ಕಡೆಗೇ 4,500ರಿಂದ 5,000 ಕಿ.ಮೀ. ನಾನು ಕುರ್ಚಿ ಬಿಟ್ಟು ಏಳುವುದಿಲ್ಲ.

ಈ ಹುಚ್ಚು ಹತ್ತಿಸಿದವಳು ಅಕ್ಕನ ಮಗಳು. "ಮಾವ, ಸುಮ್ನೆ ಟಿವಿ ಮುಂದೆ ಕೂರಬೇಡಿ, ಇದನ್ನ ನೋಡಿ" ಎಂದು ಲ್ಯಾಪ್‌ಟಾಪಿನಲ್ಲಿ ಒಂದು ಮ್ಯಾಪ್ ತೆರೆದಿಟ್ಟು ಹೋದಳು. ಹಳದಿ ಗೆರೆಯೊಂದು ಸ್ಪೇನ್ ದಾಟಿ, ಮೊರಾಕೊ ದಾಟಿ, ಸಹಾರಾದೊಳಗೆ ಹೋಗಿ ನಿಂತಿತ್ತು. ಮುಂದೇನಾಯಿತು ಅಂತ ಮರುದಿನ ನೋಡಿದೆ. ಅದರ ಮರುದಿನವೂ ನೋಡಿದೆ. ಅಷ್ಟೇ, ಸಿಕ್ಕಿಬಿದ್ದೆ. ಮೊದಲ ವರ್ಷ ನಾನು ಪಟ್ಟ ಪಾಡು ನೀವು ಪಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಒಂದೇ ಹಕ್ಕಿ ಹಿಡಿಯಿರಿ

ಹಕ್ಕಿಗಳನ್ನು ಹುಡುಕಲು ಎರಡು ಜಾಗಗಳಿವೆ. ಮೊದಲನೆಯದು ಮೂವ್‌ಬ್ಯಾಂಕ್. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ನೋಡಿಕೊಳ್ಳುವ ಉಚಿತ ಭಂಡಾರ ಅದು. ಲೋಕದ ಎಲ್ಲೆಡೆಯ ಸಂಶೋಧಕರು ಪ್ರಾಣಿಪಕ್ಷಿಗಳ ಓಡಾಟದ ಲೆಕ್ಕವನ್ನು ಅಲ್ಲಿ ಇಡುತ್ತಾರೆ. ಹುಡುಕುವ ಕಡೆ ಹಕ್ಕಿಯ ವೈಜ್ಞಾನಿಕ ಹೆಸರು, ಪಾಂಡಿಯಾನ್ ಹ್ಯಾಲಿಯೇಟಸ್, ಹಾಕಿದರೆ ಆಸ್ಪ್ರೆಗಳು ಸಾಲಾಗಿ ಬರುತ್ತವೆ. ಕೆಲವು ಎಲ್ಲರಿಗೂ ತೆರೆದಿರುತ್ತವೆ, ಕೆಲವಕ್ಕೆ ಅನುಮತಿ ಕೇಳಬೇಕು. ಎರಡನೆಯದು ಟ್ಯಾಗ್, ಅಂದರೆ ಬೆನ್ನ ಮೇಲಿನ ಆ ಪುಟ್ಟ ಯಂತ್ರ, ಕಟ್ಟಿದವರದೇ ವೆಬ್ ಪುಟಗಳು. ಸ್ಕಾಟ್ಲೆಂಡಿನಲ್ಲಿ ರಾಯ್ ಡೆನಿಸ್ 1999ರಿಂದಲೇ ಆಸ್ಪ್ರೆಗಳಿಗೆ ಸ್ಯಾಟಲೈಟ್ ಟ್ಯಾಗ್ ಕಟ್ಟುತ್ತಾ ಬಂದವರು. ಫಿನ್ಲೆಂಡಿನ ನಿಸರ್ಗ ವಸ್ತುಸಂಗ್ರಹಾಲಯದವರೂ ತಮ್ಮ ಹಕ್ಕಿಗಳ ದಾರಿಯನ್ನು ಮ್ಯಾಪಿನಲ್ಲಿ ತೋರಿಸಿದ್ದಾರೆ. ಹೊಸಬರು ಹಳೆಯ, ಮುಗಿದುಹೋದ ಒಂದು ಪ್ರಯಾಣದಿಂದ ಶುರು ಮಾಡುವುದು ಒಳ್ಳೆಯದು. ಕಥೆ ಅರ್ಧಕ್ಕೆ ನಿಲ್ಲುವ ಭಯ ಇರುವುದಿಲ್ಲ. ಕೈ ಕುದುರಿದ ಮೇಲೆ ಈಗ ಹಾರುತ್ತಿರುವ ಹಕ್ಕಿಗೆ ಬನ್ನಿ.

ನಾನು ಮೊದಲ ವರ್ಷ ಹನ್ನೊಂದು ಹಕ್ಕಿಗಳನ್ನು ಒಟ್ಟಿಗೆ ಹಿಡಿದೆ. ಹನ್ನೊಂದು ಬಣ್ಣದ ಗೆರೆ. ಎರಡನೇ ವಾರಕ್ಕೆ ಯಾವುದು ಯಾವುದೋ ಗೊತ್ತಾಗದೆ ಎಲ್ಲ ಕಲಸುಮೇಲೋಗರ. ಒಂದು ಹಕ್ಕಿ ಸಾಕು. ಅದೂ ದೊಡ್ಡ ಹಕ್ಕಿ, ಹಿಂದೆ ಒಮ್ಮೆಯಾದರೂ ಹೋಗಿ ಬಂದದ್ದು. ಆ ವರ್ಷದ ಮರಿಯನ್ನು ಹಿಡಿಯಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಯಾರೂ ಕೇಳುವುದಿಲ್ಲ, ಮರಿ ಅಂದರೆ ಎಲ್ಲರಿಗೂ ಮುದ್ದು. ಆದರೆ ಮರಿಗಳಲ್ಲಿ ಅರ್ಧಕ್ಕೂ ಜಾಸ್ತಿ ವಾಪಸ್ ಬರುವುದೇ ಇಲ್ಲ. ಅಪ್ಪ ಅಮ್ಮ ದಾರಿ ತೋರಿಸುವುದಿಲ್ಲ. ಒಂದೇ ಗೂಡಿನವರೂ ಬೇರೆ ಬೇರೆಯಾಗಿ, ಒಬ್ಬೊಬ್ಬರೇ ಹೊರಡುತ್ತಾರೆ. ಬದುಕಿ ಮುಟ್ಟಿದ ಮರಿಯೂ ಮುಂದಿನ ವಸಂತಕ್ಕೆ ಬರುವುದಿಲ್ಲ. ಎರಡು ವರ್ಷ ತುಂಬುವವರೆಗೆ ಸಾಮಾನ್ಯವಾಗಿ ಆಫ್ರಿಕಾದಲ್ಲೇ ಉಳಿಯುತ್ತದೆ. ನೀವು ಮಾರ್ಚಿಯಲ್ಲಿ ಕಾದು ಕಾದು ಸೋಲುತ್ತೀರಿ.

ಹಕ್ಕಿಗಳ ಹೆಸರು ಓದುವುದಕ್ಕೂ ಒಂದು ಕ್ರಮ ಇದೆ. ಇಂಗ್ಲೆಂಡಿನ ರಟ್‌ಲ್ಯಾಂಡ್ ಕೆರೆಯ ಹಕ್ಕಿಗಳನ್ನು 30(05) ಎಂಬಂತೆ ಬರೆಯುತ್ತಾರೆ. 30 ಅಂದರೆ ಕಾಲುಂಗುರದ ಸಂಖ್ಯೆ, 05 ಅಂದರೆ ಉಂಗುರ ಹಾಕಿದ ವರ್ಷ, 2005. ಇದು ಹೆಣ್ಣು. 2013ರಲ್ಲಿ ಇದಕ್ಕೆ ಟ್ಯಾಗ್ ಕಟ್ಟಿದರು. ಚಳಿಗಾಲ ಕಳೆಯುತ್ತಿದ್ದದ್ದು ಸೆನೆಗಲ್ ಕರಾವಳಿಯಲ್ಲಿ. ಬೇರೆ ಕಡೆ ಹಕ್ಕಿಗೆ ಮುದ್ದಿನ ಹೆಸರಿಡುತ್ತಾರೆ. ನಾನು ಹಿಡಿದ ಹಕ್ಕಿಗೂ ಅವರಿಟ್ಟ ಹೆಸರೊಂದಿದೆ, ನನ್ನ ಪುಸ್ತಕದಲ್ಲಿ ಮಾತ್ರ ಅವಳು 'ಅಕ್ಕಯ್ಯ'. ಹಟಮಾರಿ, ಯಾರ ಮಾತೂ ಕೇಳದವಳು, ಅದಕ್ಕೆ.

ಬೆನ್ನ ಮೇಲಿನ ಯಂತ್ರ

ಇದನ್ನು ಸ್ವಲ್ಪ ತಿಳಿದುಕೊಳ್ಳಲೇಬೇಕು. ಇಲ್ಲದಿದ್ದರೆ ಮ್ಯಾಪ್ ಸುಮ್ಮನಾದಾಗಲೆಲ್ಲ ಹಕ್ಕಿ ಸತ್ತಿತು ಅಂದುಕೊಳ್ಳುತ್ತೀರಿ.

ಟ್ಯಾಗಿನ ತೂಕ ಹಕ್ಕಿಯ ತೂಕದ ನೂರಕ್ಕೆ 3 ಭಾಗ ಮೀರಬಾರದು ಎಂಬುದು ರೂಢಿ. ಆಸ್ಪ್ರೆ ಒಂದೂವರೆ ಕಿಲೋ ಆಸುಪಾಸು. ಟ್ಯಾಗು 30 ಗ್ರಾಂ ಇದ್ದರೆ ನೂರಕ್ಕೆ 2 ಆಯಿತು. ಟೆಫ್ಲಾನ್ ಪಟ್ಟಿಯಿಂದ ಮಕ್ಕಳ ಶಾಲೆ ಬ್ಯಾಗಿನಂತೆ ಬೆನ್ನಿಗೆ ಕಟ್ಟುತ್ತಾರೆ. ಪಟ್ಟಿಗಳು ಸೇರುವ ಕಡೆ ಹತ್ತಿ ದಾರದಲ್ಲಿ ಹೊಲಿದಿರುತ್ತಾರೆ. ಕೆಲವು ವರ್ಷಕ್ಕೆ ದಾರ ಸವೆದು ಇಡೀ ಗಂಟು ಕಳಚಿ ಬೀಳಲಿ ಎಂದು. ಮೇಲೆ ಸೋಲಾರ್ ಫಲಕ. ಬೆನ್ನ ಗರಿ ಅದರ ಮೇಲೆ ಬಂದರೆ, ನಾಲ್ಕು ದಿನ ಮೋಡ ಕವಿದರೆ, ಬ್ಯಾಟರಿ ಸೊರಗುತ್ತದೆ.

ಟ್ಯಾಗ್ ಮಾತಾಡುವ ಬಗೆ ಮೂರು. ಹಳೆಯ ಬಗೆ ಆರ್ಗೋಸ್. 1978ರಲ್ಲಿ ಶುರುವಾದ ಫ್ರೆಂಚ್ ಮೂಲದ ವ್ಯವಸ್ಥೆ. ಉಪಗ್ರಹಗಳು ಸುಮಾರು 850 ಕಿ.ಮೀ. ಮೇಲೆ ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿರುತ್ತವೆ. ರೈಲು ಹತ್ತಿರ ಬರುವಾಗ ಸೀಟಿಯ ದನಿ ಏರಿ, ದಾಟಿ ಹೋಗುವಾಗ ಇಳಿಯುತ್ತದೆ ಅಲ್ವಾ? ಉಪಗ್ರಹ ಟ್ಯಾಗಿನ ಮೇಲೆ ಹಾದುಹೋಗುವಾಗ ಸಿಗ್ನಲ್ಲಿಗೂ ಹಾಗೇ ಆಗುತ್ತದೆ. ಆ ಏರಿಳಿತದಿಂದ ಹಕ್ಕಿ ಎಲ್ಲಿದೆ ಎಂದು ಲೆಕ್ಕ ಹಾಕುತ್ತಾರೆ. ಹಾಗೆ ಸಿಕ್ಕ ಒಂದೊಂದು ಜಾಗವೂ ಮ್ಯಾಪಿನಲ್ಲಿ ಒಂದು ಚುಕ್ಕೆ. ಈ ಚುಕ್ಕೆಗಳಿಗೆ ದರ್ಜೆ ಇರುತ್ತದೆ. 3 ಅಂದರೆ 250 ಮೀಟರಿನೊಳಗೆ ಸರಿ. 2 ಅಂದರೆ 500 ಮೀಟರಿನೊಳಗೆ, 1 ಅಂದರೆ ಒಂದೂವರೆ ಕಿ.ಮೀ. ಒಳಗೆ. 0 ಅಂದರೆ ಅದಕ್ಕೂ ಆಚೆ. ಎ, ಬಿ ಎಂದಿದ್ದರೆ ಅವರೇ ಇಷ್ಟು ಸರಿ ಎಂದು ಹೇಳುವುದಿಲ್ಲ, ಝಡ್ ಅಂತೂ ತಳ್ಳಿಬಿಡಿ. ಹಳೆಯ ಲೆಕ್ಕ ನೋಡುವಾಗ ದರ್ಜೆಯ ಕಾಲಮ್ಮು ಮೊದಲು ನೋಡಿ.

ಎರಡನೇ ಬಗೆಯಲ್ಲಿ ಟ್ಯಾಗಿನಲ್ಲೇ ಜಿಪಿಎಸ್ ಇರುತ್ತದೆ, ಚುಕ್ಕೆ ಕೆಲವು ಮೀಟರುಗಳಷ್ಟು ನಿಖರ. ಕೂಡಿಟ್ಟ ಚುಕ್ಕೆಗಳನ್ನು ಆರ್ಗೋಸ್ ಮೂಲಕ ಕೆಲವು ದಿನಕ್ಕೊಮ್ಮೆ ಕಂತಿನಲ್ಲಿ ಕಳಿಸುತ್ತದೆ. ಮೂರನೆಯದು ಮೊಬೈಲ್ ಟವರ್ ಮೂಲಕ ಕಳಿಸುವುದು. ಹಕ್ಕಿಗೆ ನೆಟ್‌ವರ್ಕ್ ಸಿಕ್ಕಿದರೆ ಸಂದೇಶ ಬರುತ್ತದೆ, ಸಿಗದಿದ್ದರೆ ಟ್ಯಾಗಿನಲ್ಲೇ ಕೂಡುತ್ತಾ ಹೋಗುತ್ತದೆ. ಸಹಾರಾದ ನಡುವೆ ಟವರ್ ಎಲ್ಲಿಂದ ಬರಬೇಕು? ವಾರಗಟ್ಟಲೆ ಮೌನ. ಆಮೇಲೆ ಹಕ್ಕಿ ಊರೊಂದರ ಹತ್ತಿರ ಬಂದ ಕೂಡಲೇ ಬಾಕಿಯೆಲ್ಲ ಒಮ್ಮೆಲೇ ಜಮಾ.

ಈ ಬಾಕಿ ಜಮಾ ಆಗುವುದು ಒಮ್ಮೆ ರಷ್ಯಾದ ಸಂಶೋಧಕರ ಕಿಸೆಗೇ ಕತ್ತರಿ ಹಾಕಿತ್ತು. ಅದು ಆಸ್ಪ್ರೆ ಅಲ್ಲ, ಹುಲ್ಲುಗಾವಲಿನ ಹದ್ದು. 2019ರಲ್ಲಿ ಕಝಾಕಿಸ್ತಾನದಲ್ಲಿ ನೆಟ್‌ವರ್ಕ್ ಸಿಗದೆ ಬೇಸಿಗೆಯಿಡೀ ಸಂದೇಶ ಕೂಡಿಟ್ಟುಕೊಂಡ ಹದ್ದೊಂದು ನೇರ ಇರಾನಿಗೆ ಹೋಗಿ ಎಲ್ಲವನ್ನೂ ರೋಮಿಂಗ್ ದರದಲ್ಲಿ ಕಳಿಸಿತು. ಪಾಪ, ಹದ್ದಿನ ಮೊಬೈಲಿಗೆ ಕರೆನ್ಸಿ ಹಾಕಿಸಲು ಜನರಿಂದ ಚಂದಾ ಎತ್ತಿದರು. ಕೊನೆಗೆ ಮೊಬೈಲ್ ಕಂಪನಿಯವರೇ ಬಾಕಿ ಮನ್ನಾ ಮಾಡಿದರು. ಲೆಕ್ಕದವನಾದ ನನಗೆ ಆ ಬಿಲ್ಲು ಒಮ್ಮೆ ಕಣ್ಣಾರೆ ನೋಡಬೇಕು ಎಂದು ಆಸೆ.

ಹಾಗಾಗಿ ನಿಮ್ಮ ಹಕ್ಕಿಯ ಟ್ಯಾಗು ಯಾವ ಬಗೆ ಎಂಬುದನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ಎಷ್ಟು ದಿನ ಸುಮ್ಮನಿದ್ದರೆ ಗಾಬರಿ ಬೇಡ ಎಂಬುದು ಅದರ ಮೇಲೆ ನಿಂತಿದೆ.

ಗೆರೆ ನಂಬಬೇಡಿ

ಮ್ಯಾಪಿನಲ್ಲಿ ಕಾಣುವ ಗೆರೆ ಹಕ್ಕಿ ಎಳೆದದ್ದಲ್ಲ. ಎರಡು ಚುಕ್ಕೆಗಳ ನಡುವೆ ಕಂಪ್ಯೂಟರು ಸ್ಕೇಲ್ ಇಟ್ಟು ಎಳೆದದ್ದು. ಹಕ್ಕಿ ಇದ್ದದ್ದು ಚುಕ್ಕೆಯಲ್ಲಿ ಮಾತ್ರ. ಆ ಚುಕ್ಕೆಯನ್ನೂ ತಾಳೆ ನೋಡದೆ ನಂಬಬಾರದು.

ಅದಕ್ಕೇ ಸುಮ್ಮನೆ ಮ್ಯಾಪ್ ನೋಡುವುದಕ್ಕಿಂತ ಅಂಕಿಗಳನ್ನು ಇಳಿಸಿಕೊಳ್ಳಿ. ಮೂವ್‌ಬ್ಯಾಂಕಿನಲ್ಲಿ ಅನುಮತಿ ಇರುವ ಹಕ್ಕಿಗಳ ಲೆಕ್ಕ ಸಿಎಸ್‌ವಿ ಕಡತವಾಗಿ ಸಿಗುತ್ತದೆ. ಎಕ್ಸೆಲ್‌ನಲ್ಲಿ ತೆರೆದರೆ ಸಾಲಿಗೊಂದು ಚುಕ್ಕೆ. ಗೂಗಲ್ ಅರ್ಥ್‌ಗೆ ಬೇಕಾದರೆ ಕೆಎಂಎಲ್ ಎಂಬ ಬಗೆಯಲ್ಲಿ ಇಳಿಸಿಕೊಳ್ಳಬಹುದು. ನಾನು ಎರಡನ್ನೂ ಇಟ್ಟುಕೊಳ್ಳುತ್ತೇನೆ. ಒಂದು ಓದಲು, ಒಂದು ನೋಡಲು. ಎಕ್ಸೆಲ್ ದಿನಾಂಕ ತಿರುಚುತ್ತದೆ, ತಿಂಗಳನ್ನು ದಿನ ಮಾಡುತ್ತದೆ. ಲೆಕ್ಕ ಬರೆದವರಿಗೆ ಈ ಕಾಟ ಹೊಸದಲ್ಲ.

ಮೊದಲು ರೇಖಾಂಶದ ಚಿಹ್ನೆ. ಗ್ರೀನ್‌ವಿಚ್‌ನಿಂದ ಪಶ್ಚಿಮಕ್ಕಿದ್ದರೆ ಮೈನಸ್. ಸೆನೆಗಲ್ ನದಿಯ ಬಾಯಿ 16 ಉತ್ತರ, ಮೈನಸ್ 16.5 ಹತ್ತಿರ. ಒಮ್ಮೆ ಕೈಯಲ್ಲಿ ನಕಲು ಮಾಡುವಾಗ ಮೈನಸ್ ಬಿಟ್ಟೆ. ಅಕ್ಕಯ್ಯ ಚಾಡ್ ದೇಶದ ಮರಳುಗಾಡಿನ ನಡುವೆ ಹೋಗಿ ಕೂತಳು. ಮೀನು ತಿನ್ನುವ ಹಕ್ಕಿ, ಹನಿ ನೀರಿಲ್ಲದ ಕಡೆ, ಐದು ದಿನ. ಇದರ ಬಗ್ಗೆ ಅಕ್ಕನ ಮಗಳಿಗೆ ದೊಡ್ಡ ಭಾಷಣವನ್ನೇ ಮಾಡಿದ್ದೆ.

ಇನ್ನೊಂದು ಸೊನ್ನೆ-ಸೊನ್ನೆ. ಟ್ಯಾಗಿಗೆ ಜಿಪಿಎಸ್ ಸಿಗದಿದ್ದರೆ ಕೆಲವೊಮ್ಮೆ ಅಕ್ಷಾಂಶ 0, ರೇಖಾಂಶ 0 ಎಂದು ದಾಖಲಾಗುತ್ತದೆ. ಮ್ಯಾಪಿನಲ್ಲಿ ಆ ಜಾಗ ಎಲ್ಲಿದೆ ಗೊತ್ತಾ? ಘಾನಾದ ದಕ್ಷಿಣಕ್ಕೆ, ಗಿನಿ ಕೊಲ್ಲಿಯ ನಡುನೀರಿನಲ್ಲಿ. ಬೇರೆ ಹಕ್ಕಿಯಾಗಿದ್ದರೆ ನಗು ಬರುತ್ತಿತ್ತು. ಆದರೆ ಆಸ್ಪ್ರೆ ಹೋಗುವುದೇ ಪಶ್ಚಿಮ ಆಫ್ರಿಕಾಕ್ಕೆ. ದಾರಿ ತಪ್ಪಿ ಸಮುದ್ರಕ್ಕೆ ಹೋದಳು ಎಂದು ನಂಬುವುದು ಬಹಳ ಸುಲಭ. ಆಸ್ಪ್ರೆ ನೀರಿಗೆ ಧುಮುಕುತ್ತದೆ ನಿಜ, ಬಾತುಕೋಳಿಯಂತೆ ಅದರ ಮೇಲೆ ಕೂತು ಸುಧಾರಿಸಿಕೊಳ್ಳಲು ಆಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಕೊನೆಯ ಚುಕ್ಕೆ ಅಲ್ಲಿ ಕಂಡಿತು. ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಮುಂದಿನ ಚುಕ್ಕೆ ನೋಡಿದರೆ ಅವಳು ಸೆನೆಗಲ್ಲಿನಲ್ಲೇ ಇದ್ದಾಳೆ. ಲೆಕ್ಕ ಹಾಕಿದ್ದರೆ ರಾತ್ರಿಯೇ ಗೊತ್ತಾಗುತ್ತಿತ್ತು. ಹಿಂದಿನ ಚುಕ್ಕೆಯಿಂದ ಅಲ್ಲಿಗೆ ಸುಮಾರು 2,500 ಕಿ.ಮೀ., ನಡುವೆ ಇದ್ದದ್ದು ಒಂದೇ ಗಂಟೆ. ವಿಮಾನಕ್ಕೂ ಆಗದ ಕೆಲಸ.

ಆ ರಾತ್ರಿಯ ನಂತರ ಒಂದು ನಿಯಮ ಮಾಡಿಕೊಂಡೆ. ಯಾವ ಚುಕ್ಕೆ ಬಂದರೂ ಹಿಂದಿನದರಿಂದ ದೂರ ತೆಗೆದು ಗಂಟೆಯಿಂದ ಭಾಗಿಸುವುದು. ಒಂದು ಡಿಗ್ರಿ ಅಕ್ಷಾಂಶ ಎಲ್ಲೇ ಆದರೂ 111 ಕಿ.ಮೀ. ಲೆಕ್ಕ. ರೇಖಾಂಶ ಹಾಗಲ್ಲ, ಭೂಮಧ್ಯರೇಖೆಯಲ್ಲಿ 111, ಇಂಗ್ಲೆಂಡಿನ 52 ಡಿಗ್ರಿಯಲ್ಲಿ 68 ಅಷ್ಟೇ. ಆಸ್ಪ್ರೆಯ ದಾರಿಯ ವೇಗ ಸಾಮಾನ್ಯವಾಗಿ ಗಂಟೆಗೆ 30ರಿಂದ 50 ಕಿ.ಮೀ. ಹಿಂದಿನಿಂದ ಜೋರು ಗಾಳಿ ಇದ್ದರೆ ಅದಕ್ಕೂ ಜಾಸ್ತಿ ಬರುತ್ತದೆ. ಗಂಟೆಗೆ ನೂರು ದಾಟಿತೆಂದರೆ ಷರಾ ಕಾಲಮ್ಮಿನಲ್ಲಿ ಕೆಂಪು ಪ್ರಶ್ನೆ ಚಿಹ್ನೆ.

ಎತ್ತರದ ಅಂಕಿಯೂ ಮೋಸ ಮಾಡುತ್ತದೆ. ಟ್ಯಾಗು ಹೇಳುವುದು ಸಮುದ್ರಮಟ್ಟದಿಂದ ಎತ್ತರ. ಅಟ್ಲಾಸ್ ಬೆಟ್ಟಗಳ ಮೇಲೆ 2,300 ಮೀಟರ್ ಎಂದು ಕಂಡು ಅಬ್ಬಾ ಎಂದಿದ್ದೆ. ಗೂಗಲ್ ಅರ್ಥ್‌ನಲ್ಲಿ ಆ ಚುಕ್ಕೆಯ ಮೇಲೆ ಬಾಣ ಇಟ್ಟರೆ ಕೆಳಗೆ ನೆಲದ ಎತ್ತರ ತೋರಿಸುತ್ತದೆ. 2,000. ಅಂದರೆ ಅವಳು ಹಾರಿದ್ದು ಬೆಟ್ಟದ ಮೇಲೆ ಬರೀ 300 ಮೀಟರ್. ಕರಾವಳಿಯಲ್ಲಿ ಮೈನಸ್ 8 ಮೀಟರ್ ಎಂದೂ ಬರುತ್ತದೆ. ಹಕ್ಕಿ ನೀರೊಳಗೆ ಹೋಗಿಲ್ಲ, ಜಿಪಿಎಸ್ಸಿನ ಎತ್ತರ ಹತ್ತಾರು ಮೀಟರ್ ಆಚೀಚೆ ಆಗುತ್ತದೆ ಅಷ್ಟೇ.

ಹೊತ್ತು ಯುಟಿಸಿಯಲ್ಲಿ ಇರುತ್ತದೆ, ಅಂದರೆ ಜಗತ್ತಿನ ಸಾಮಾನ್ಯ ಗಡಿಯಾರ. ಸೆನೆಗಲ್, ಗ್ಯಾಂಬಿಯಾ, ಮಾರಿಟೇನಿಯಾಗಳ ಗಡಿಯಾರ ವರ್ಷವಿಡೀ ಅದೇ, ಹಾಗಾಗಿ ಚಳಿಗಾಲದಲ್ಲಿ ಕೂಡಿಸಿ ಕಳೆಯುವ ಕೆಲಸ ಇಲ್ಲ. ಆದರೂ ಹಕ್ಕಿ ನೋಡುವುದು ಸೂರ್ಯನನ್ನು. 15 ಡಿಗ್ರಿ ಪಶ್ಚಿಮಕ್ಕೆ ಹೋದರೆ ಸೂರ್ಯ ಒಂದು ಗಂಟೆ ತಡ. ಅಕ್ಕಯ್ಯ ಸೋಮಾರಿಯಾದಳು, ಏಳುವುದು ತಡ ಎಂದು ಬರೆದಿದ್ದೆ. ತಡವಾಗಿದ್ದದ್ದು ಅಲ್ಲಿನ ಬೆಳಗು.

ಯಾವಾಗ ನೋಡಬೇಕು

ಆಗಸ್ಟ್ ಮೊದಲ ವಾರಕ್ಕೇ ಪುಸ್ತಕ ತೆರೆದಿಡಿ. ಯುರೋಪಿನ ಗೂಡುಗಳಿಂದ ಮೊದಲು ಹೊರಡುವುದು ಹೆಣ್ಣುಗಳು. ಮರಿಗಳು ಹಾರಲು ಕಲಿತ ಸ್ವಲ್ಪ ದಿನಕ್ಕೇ ಅವಳು ಹೋಗಿಬಿಡುತ್ತಾಳೆ. ಮೀನು ತಂದು ಹಾಕುವ ಕೆಲಸ ಗಂಡಿನದು. ಮರಿಗಳು ಹೊರಡುವವರೆಗೆ ಅವನು ಇರುತ್ತಾನೆ, ಸೆಪ್ಟೆಂಬರ್ ಸುಮಾರಿಗೆ ಅವನೂ ಹೊರಡುತ್ತಾನೆ. ವಾಪಸ್ ಪ್ರಯಾಣ ಮಾರ್ಚಿಯಲ್ಲಿ. ದೊಡ್ಡ ಹಕ್ಕಿಗಳು ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ಗೂಡು ಸೇರುತ್ತವೆ.

ಅಮೆರಿಕದ ಪೂರ್ವ ಕರಾವಳಿಯ ಹಕ್ಕಿ ಹಿಡಿದರೆ ದಾರಿ ಬೇರೆ. ಫ್ಲಾರಿಡಾ, ಕ್ಯೂಬಾ, ಹಿಸ್ಪಾನಿಯೋಲಾ, ಅಲ್ಲಿಂದ ಕೆರಿಬಿಯನ್ ಸಮುದ್ರ ಹಾರಿ ದಕ್ಷಿಣ ಅಮೆರಿಕ. 2008ರಲ್ಲಿ ಮಾರ್ಥಾಸ್ ವಿನ್ಯಾರ್ಡ್ ದ್ವೀಪದಿಂದ ಹೊರಟ ಒಂದು ಹಕ್ಕಿ 13 ದಿನದಲ್ಲಿ ಫ್ರೆಂಚ್ ಗಯಾನಾ ಮುಟ್ಟಿತ್ತು. ಸುಮಾರು 4,300 ಕಿ.ಮೀ. ಭಾಗಿಸಿ ನೋಡಿ, ದಿನಕ್ಕೆ 330. ಈ ದಾರಿಯಲ್ಲಿ ಸಮುದ್ರ ಜಾಸ್ತಿ. ಅದೂ ಚಂಡಮಾರುತದ ತಿಂಗಳುಗಳಲ್ಲಿ. ಗುಂಡಿಗೆ ಗಟ್ಟಿ ಇರುವವರಿಗೆ ಮಾತ್ರ.

ಒಂದು ದಿನದ ಲೆಕ್ಕ

ನನ್ನ ಪುಸ್ತಕದಲ್ಲಿ ಸಹಾರಾದ ಒಂದು ಪುಟ ಇದೆ. ಅದನ್ನೇ ತೋರಿಸುತ್ತೇನೆ, ಹೇಗೆ ಓದಬೇಕು ಎಂಬುದು ತಿಳಿಯುತ್ತದೆ.

ಬೆಳಿಗ್ಗೆ 6 ಗಂಟೆ, ವೇಗ 0, ನೆಲದ ಮೇಲೆ. 7, ಅಲ್ಲೇ. 8, ಅಲ್ಲೇ. ಗೂಗಲ್ ಅರ್ಥ್‌ನಲ್ಲಿ ನೋಡಿದರೆ ಅಲ್ಲೊಂದು ಕರಿ ಬಂಡೆಸಾಲು, ಸುತ್ತ ಮರಳು. ಮರ ಅಂತ ಒಂದೂ ಇಲ್ಲ, ರಾತ್ರಿ ಕಳೆದದ್ದು ಆ ಬಂಡೆಯ ಮೇಲೆ. 9ರಿಂದ 10ರ ನಡುವೆ 18 ಕಿ.ಮೀ. ಎತ್ತರ ಹೆಚ್ಚಿಲ್ಲ, ರೆಕ್ಕೆ ಬಡಿದೇ ಹೋಗಿರಬೇಕು. ಮುಂದಿನ ಗಂಟೆ 32. ಆಮೇಲೆ 41, 44, 47, 46, 43. ಮಧ್ಯಾಹ್ನ ಎರಡಕ್ಕೆ ನೆಲದಿಂದ 1,600 ಮೀಟರ್ ಮೇಲಿದ್ದಳು. ಮರಳು ಕಾದು ಬಿಸಿಗಾಳಿ ಮೇಲೇಳುವ ಹೊತ್ತು ಅದು. ರೆಕ್ಕೆ ಬಡಿಯದೆ ಅದರಲ್ಲಿ ಸುತ್ತುತ್ತಾ ಏರುವುದು, ಏರಿ ದಕ್ಷಿಣಕ್ಕೆ ಜಾರುವುದು, ಮತ್ತೆ ಇನ್ನೊಂದು ಬಿಸಿಗಾಳಿ ಹಿಡಿಯುವುದು. ನಾಲ್ಕರ ನಂತರ 36, ಕೊನೆಯ ಗಂಟೆ 21. ಆರಕ್ಕೆ ವೇಗ 0. ಒಟ್ಟು 328 ಕಿ.ಮೀ. ಬೆಳಗಿನ ಚುಕ್ಕೆಗೂ ಸಂಜೆಯ ಚುಕ್ಕೆಗೂ ನೇರ ಗೆರೆ ಎಳೆದರೆ 309. ನಡುವಿನ 19 ಕಿ.ಮೀ. ಅಂಕುಡೊಂಕು. ಗಂಟೆಗೊಂದು ಚುಕ್ಕೆ ಇದ್ದಾಗಲೇ ಇಷ್ಟು. ದಿನಕ್ಕೊಂದೇ ಚುಕ್ಕೆ ಕಳಿಸುವ ಟ್ಯಾಗ್ ಇದ್ದರೆ ನಿಮ್ಮ ಒಟ್ಟು ಮೊತ್ತ ಯಾವಾಗಲೂ ಕಮ್ಮಿಯೇ ಬರುತ್ತದೆ, ಅದನ್ನು ಷರಾದಲ್ಲಿ ಬರೆಯಿರಿ.

ಆ ದಿನದ ಷರಾ: 'ಊಟ ಇಲ್ಲ.' ಹಿಂದಿನ ದಿನವೂ ಅದೇ ಷರಾ ಇತ್ತು, ಮಾರನೆಯ ದಿನವೂ.

ಈ ಪುಟಕ್ಕೆ ಗಾಳಿಯ ಕಾಲಮ್ಮು ಸೇರಿಸಿದರೆ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ವಿಂಡಿಯಂಥ ಗಾಳಿ ನಕ್ಷೆಗಳಲ್ಲಿ ಎತ್ತರ ಆಯ್ದುಕೊಳ್ಳಬಹುದು. ನೆಲದ ಗಾಳಿ ನೋಡಬೇಡಿ, ಹಕ್ಕಿ ಇರುವುದು ಅಲ್ಲಲ್ಲ. 850 ಎಂದಿರುವ ಮಟ್ಟ ಸುಮಾರು 1,500 ಮೀಟರ್, ಅದನ್ನು ನೋಡಿ. ಆ ದಿನ ಗಾಳಿ ಈಶಾನ್ಯದಿಂದ, ಬೆನ್ನ ಹಿಂದಿನಿಂದ ಇತ್ತು. ಅದೇ ಗಾಳಿ ಸಮುದ್ರದ ಮೇಲಿದ್ದರೆ ಕಥೆ ಬೇರೆ. ಬಿಸ್ಕೆ ಕೊಲ್ಲಿ ದಾಟುವಾಗ ಪೂರ್ವದ ಗಾಳಿ ಬಿದ್ದರೆ ಹಕ್ಕಿ ಅಟ್ಲಾಂಟಿಕ್ ಕಡೆಗೆ ಸರಿಯುತ್ತಾ ಹೋಗುತ್ತದೆ. ಹಳೆಯ ಹಕ್ಕಿ ತಿದ್ದಿಕೊಳ್ಳುತ್ತದೆ. ಮರಿಗೆ ತಾನು ಸರಿಯುತ್ತಿದ್ದೇನೆ ಎಂಬುದೇ ತಿಳಿಯದಿರಬಹುದು. ನೀರಿನ ಮೇಲೆ ಬಿಸಿಗಾಳಿಯ ನೆರವು ಸಿಗುವುದು ಕಷ್ಟ, ರೆಕ್ಕೆ ಬಡಿಯಬೇಕು. ಕತ್ತಲಾಯಿತೆಂದು ಇಳಿಯುವ ಹಾಗೂ ಇಲ್ಲ. ರಾತ್ರಿ ಎರಡು ಗಂಟೆಗೆ ವೇಗ 40 ಎಂದು ಕಂಡರೆ ತಪ್ಪು ಚುಕ್ಕೆ ಎಂದು ಹೊಡೆದುಹಾಕಬೇಡಿ, ಕೆಳಗೆ ಏನಿದೆ ಎಂದು ಮೊದಲು ನೋಡಿ.

ಮ್ಯಾಪ್ ಸುಮ್ಮನಾದರೆ

ಎರಡು ಬಗೆಯ ಸುಮ್ಮನಿರುವಿಕೆ ಇದೆ. ಒಂದು, ಚುಕ್ಕೆಯೇ ಬರುವುದಿಲ್ಲ. ಇದಕ್ಕೆ ಕಾರಣ ಟವರ್ ಇಲ್ಲದಿರುವುದು, ಬ್ಯಾಟರಿ, ಇಲ್ಲವೇ ಯಂತ್ರವೇ ಕೆಟ್ಟಿರುವುದು. ಟ್ಯಾಗ್ ಸುಮ್ಮನಾದ ಹಕ್ಕಿ ಮುಂದಿನ ವಸಂತಕ್ಕೆ ಗೂಡಿಗೆ ಬಂದು, ಕಾಲಿನ ಉಂಗುರ ಓದಿ ಗುರುತು ಹಿಡಿದದ್ದುಂಟು. ಆ ಉಂಗುರ ಸ್ಕಾಟ್ಲೆಂಡಿನ ಹಕ್ಕಿಗೆ ಎಡಗಾಲಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್ ಹಕ್ಕಿಗೆ ಬಲಗಾಲಲ್ಲಿ. ಗೂಡಿನ ಕ್ಯಾಮೆರಾ ನೋಡುವಾಗ ಇದು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು, ಚುಕ್ಕೆ ಬರುತ್ತಿದೆ, ಆದರೆ ಒಂದೇ ಕಡೆಯಿಂದ. ಇಲ್ಲಿ ಹೊಸಬರು ಎಡವುತ್ತಾರೆ. ಏಕೆಂದರೆ ಚಳಿಗಾಲದ ಮನೆ ಸೇರಿದ ಆಸ್ಪ್ರೆಯೂ ಹೆಚ್ಚು ಓಡಾಡುವುದಿಲ್ಲ. ಕೆಲವೇ ಕಿ.ಮೀ. ಒಳಗೆ ತಿಂಗಳುಗಟ್ಟಲೆ. ಮಾರಿಟೇನಿಯಾದ ಬಾಂಕ್ ದಾರ್ಗ್ವಾ, ಸೆನೆಗಲ್ ನದಿಯ ಮುಖಜಭೂಮಿ, ಸಿನ್-ಸಲೂಮ್, ಗಿನಿ-ಬಿಸ್ಸಾವ್‌ನ ಬಿಜಾಗೊಸ್ ದ್ವೀಪಗಳು, ಇಂಥ ಜಾಗ ಸಿಕ್ಕಿದ ಮೇಲೆ ಇನ್ನೆಲ್ಲಿಗೆ ಹೋಗಬೇಕು?

ಬದುಕಿದೆಯೋ ಇಲ್ಲವೋ ನೋಡಲು ಮ್ಯಾಪನ್ನು ಪೂರ್ತಿ ಹತ್ತಿರಕ್ಕೆ ಎಳೆಯಿರಿ, ಒಂದು ಮೈದಾನದಷ್ಟು ಜಾಗ ಪರದೆ ತುಂಬುವವರೆಗೆ. ಬದುಕಿರುವ ಹಕ್ಕಿಯ ಚುಕ್ಕೆಗಳು ಎರಡು ಮೂರು ಗುಂಪಾಗಿರುತ್ತವೆ. ರಾತ್ರಿಯವೆಲ್ಲ ಒಂದು ಕಡೆ, ಅದು ಮಲಗುವ ಮರ. ಬೆಳಗಿನವು ನೀರಿನ ಅಂಚಿನಲ್ಲಿ. ಆಮೇಲೆ ಮರಳದಿಣ್ಣೆ, ಮೀನು ಹರಿದು ತಿನ್ನುವ ಜಾಗ. ಹೊತ್ತಿಗೂ ಜಾಗಕ್ಕೂ ತಾಳೆಯಾಗುತ್ತದೆ. ನೆಲಕ್ಕೆ ಬಿದ್ದ ಟ್ಯಾಗಿನ ಚುಕ್ಕೆಗಳು ಹಾಗಲ್ಲ. ಒಂದೇ ನಡುಬಿಂದುವಿನ ಸುತ್ತ ಎರಚಿದ ಸಾಸಿವೆಯಂತೆ, ಹತ್ತಿಪ್ಪತ್ತು ಮೀಟರ್ ಆಚೆ ಈಚೆ. ಹಗಲು ರಾತ್ರಿ ಭೇದವಿಲ್ಲ. ಆ ಆಚೀಚೆ ಕೂಡ ಹಕ್ಕಿಯದಲ್ಲ, ಜಿಪಿಎಸ್ಸಿನದು.

ಅಂಥ ಸಾಸಿವೆ ಕಂಡರೂ ಸತ್ತಿತು ಎಂದು ಬರೆಯಬೇಡಿ. ಹತ್ತಿ ದಾರ ಸವೆದು ಟ್ಯಾಗ್ ಕಳಚಿರಬಹುದು. ಮ್ಯಾಪಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಯಾರಾದರೂ ಅಲ್ಲಿಗೆ ಹೋಗಿ ನೋಡಿದರೆ ಮಾತ್ರ ಗೊತ್ತು. ಹಾಗೆ ಹೋಗಿ ನೋಡುವವರಿಗೆ ಕೊನೆಯ ಒಳ್ಳೆಯ ಚುಕ್ಕೆ ಯಾವುದು ಎಂಬುದು ಬೇಕಾಗುತ್ತದೆ, ಅವರಿಗೆ ನಿಮಗಿಂತ ಮೊದಲೇ ಅದು ಗೊತ್ತಿರುತ್ತದೆ. ಪತ್ರದ ಮೇಲೆ ಪತ್ರ ಬರೆದು ಕಾಡಬೇಡಿ. ನಾನು ಒಮ್ಮೆ ಕಾಡಿದ್ದೇನೆ. ಉತ್ತರ ಬಂತು, ಬಹಳ ವಿನಯವಾಗಿ, ಒಂದೇ ಸಾಲು. ಆ ವಿನಯವೇ ನಾಚಿಕೆ ಹುಟ್ಟಿಸಿತು.

ಗೂಡಿನ ಜಾಗ ಮಾತ್ರ ಯಾರಿಗೂ ಹೇಳಬೇಡಿ. ಬ್ರಿಟನ್ನಿನಲ್ಲಿ ಹಿಂದೊಮ್ಮೆ ಆಸ್ಪ್ರೆ ಸಂತತಿಯೇ ಅಳಿದುಹೋಗಲು ಬೇಟೆಯ ಜೊತೆ ಮೊಟ್ಟೆ ಕದಿಯುವ ಹವ್ಯಾಸಿಗಳೂ ಕಾರಣರಾಗಿದ್ದರು. ಅಂಥವರು ಈಗಲೂ ಪೂರ್ತಿ ಇಲ್ಲವಾಗಿಲ್ಲ. ಕೆಲವು ಯೋಜನೆಗಳು ಗೂಡಿನ ಸುತ್ತಲಿನ ಚುಕ್ಕೆಗಳನ್ನು ಅಡಗಿಸುತ್ತವೆ, ಕೆಲವು ತಡಮಾಡಿ ತೋರಿಸುತ್ತವೆ. ಅಡಗಿಸದೆ ಬಿಟ್ಟದ್ದು ನಿಮ್ಮ ಕಣ್ಣಿಗೆ ಬಿದ್ದರೂ ಅದರ ಚಿತ್ರ ತೆಗೆದು ಹಂಚಬೇಡಿ. ನನ್ನ ಪುಸ್ತಕದಲ್ಲಿ ಆ ಕಾಲಮ್ಮಿನಲ್ಲಿ 'ಮನೆ' ಎಂದಷ್ಟೇ ಇದೆ.

ವರ್ಷದ ಲೆಕ್ಕ ಮುಗಿಸುವುದು ಯಾವಾಗ ಎಂದು ಅಕ್ಕನ ಮಗಳು ಕೇಳಿದ್ದಳು. ವಸಂತದಲ್ಲಿ ಎರಡು ರಾತ್ರಿ ಒಂದಾದ ಮೇಲೊಂದು 'ಮನೆ'ಯಿಂದಲೇ ಚುಕ್ಕೆ ಬಂದರೆ ಮುಗಿಸಬಹುದು. ಒಂದೇ ರಾತ್ರಿ ಸಾಲದು, ನೋಡಿಕೊಂಡು ಮುಂದೆ ಹೋಗುವವರೂ ಇದ್ದಾರೆ. ಕಿಲೋಮೀಟರ್ ಕಾಲಮ್ಮು ಕೂಡಿಸಿ, ಅನುಮಾನದ ಚುಕ್ಕೆ ಕಳೆದು, ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಕಳೆದ ಸಲ ಆ ಪುಟದ ಕೊನೆಯ ಸಾಲು ಹೀಗಿದೆ: ಬೆಳಿಗ್ಗೆ 7, ಮನೆ. 8, ಕೆರೆಯ ದಂಡೆ. 9, ಮನೆ. ಷರಾ: 'ಮೀನು ಸಿಕ್ಕಿರಬೇಕು.'